ಅರ್ಧ ಅಂಗುಲಕ್ಕೆ ಕೊಡುವ ಬೆಲೆ

ಜಾತ್ರೆಯ ಆಟಿಕೆ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಒಂದು ಪ್ಲಾಸ್ಟಿಕ್ ಯೋಯೋ ಸಿಗುತ್ತದೆ. ಎರಡು ಬಿಲ್ಲೆ, ನಡುವೆ ಒಂದು ಕಡ್ಡಿ, ಕಡ್ಡಿಗೆ ಸುತ್ತಿದ ದಾರ. ಅದೇ ಹೆಸರಿನ, ದೂರದಿಂದ ನೋಡಿದರೆ ಅದೇ ಆಕಾರದ, ಪ್ಲಾಸ್ಟಿಕ್ಕಿನದೇ ಆದ ಇನ್ನೊಂದು ಯೋಯೋಗೆ ಸಾವಿರದೈನೂರು, ಎರಡು ಸಾವಿರ ರೂಪಾಯಿ ಕೇಳುವವರಿದ್ದಾರೆ. ಮಕ್ಕಳು ಎರಡನೆಯದಕ್ಕೆ ಹಟ ಹಿಡಿಯುತ್ತಾರೆ. ಹಿರಿಯರು ಮೊದಲನೆಯದನ್ನು ಕೊಡಿಸಿ, ‘ಎರಡೂ ಪ್ಲಾಸ್ಟಿಕ್ಕೇ ಅಲ್ಲವೇ’ ಎನ್ನುತ್ತಾರೆ. ಮಾತು ನ್ಯಾಯವಾಗಿಯೇ ಕಾಣುತ್ತದೆ. ಪ್ಲಾಸ್ಟಿಕ್ ಎಂದರೆ ಬಕೆಟ್ಟು, ಬಾಚಣಿಗೆ, ನೀರಿನ ಬಾಟಲಿ. ಅಂಥದಕ್ಕೆ ಇಷ್ಟು ದುಡ್ಡು ಸುರಿಯುವುದು ದುಂದು ಎಂದು ಯಾರಿಗಾದರೂ ಅನ್ನಿಸಬೇಕಾದ್ದೇ. ಆದರೆ ಆ ಲೆಕ್ಕ ಹಾಕುವಾಗ ನಾವು ಕಣ್ಣಿಗೆ ಕಾಣುವ ಬಿಲ್ಲೆಗಳನ್ನಷ್ಟೇ ತೂಗುತ್ತೇವೆ. ಯೋಯೋದ ಯೋಗ್ಯತೆ ಇರುವುದು ಆ ಬಿಲ್ಲೆಗಳ ನಡುವಿನ ಸಂದಿನಲ್ಲಿ, ಹೆಚ್ಚೆಂದರೆ ಅರ್ಧ ಅಂಗುಲದಷ್ಟು ಜಾಗದಲ್ಲಿ. ಬುಗುರಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಳಗಿದ ಹುಡುಗ ಬುಗುರಿ ಆರಿಸುವಾಗ ಬಣ್ಣ ನೋಡುವುದಿಲ್ಲ, ಮೊಳೆ ನಟ್ಟನಡುವೆ ಕೂತಿದೆಯೇ ಎಂದು ನೋಡುತ್ತಾನೆ. ಮೊಳೆ ಕೂದಲೆಳೆಯಷ್ಟು ಓರೆಯಾದರೂ ಬುಗುರಿ ನಡುಗುತ್ತದೆ. ಯೋಯೋಗೂ ಇದೇ ನಿಯಮ. ಪ್ಲಾಸ್ಟಿಕ್ ಯೋಯೋಗಳಲ್ಲಿ ಯಾವುದು ಕೊಟ್ಟ ದುಡ್ಡಿಗೆ ತಕ್ಕದ್ದು, ಯಾವುದು ಅಲ್ಲ ಎಂಬುದನ್ನು ಈ ನಡುವಿನ ಭಾಗದಿಂದಲೇ ಅಳೆಯಬೇಕು ಎಂಬುದು ಇವತ್ತಿನ ಮಾತು.

ಮೊದಲು ಜಾತ್ರೆಯ ಯೋಯೋವನ್ನೇ ಬಿಚ್ಚಿ ನೋಡೋಣ. ಬಿಲ್ಲೆಯ ಅಂಚಿಗೆ ಬೆರಳು ಸವರಿದರೆ ಅಚ್ಚಿನ ಎರಡು ಪಾಲು ಕೂಡಿದ ಕಡೆ ಒಂದು ಏಣು ಕೈಗೆ ಸಿಗುತ್ತದೆ. ಒಂದು ಕಡೆ ಪ್ಲಾಸ್ಟಿಕ್ ತುಸು ಹೆಚ್ಚು, ಇನ್ನೊಂದು ಕಡೆ ತುಸು ಕಡಿಮೆ. ನಡುವಿನ ಇರುಸು, ಅಂದರೆ ಗಾಡಿಯ ಚಕ್ರಕ್ಕಿರುವಂಥ ಇರುಸು, ಬಿಲ್ಲೆಯ ಜೊತೆಗೇ ಎರಕವಾದ ಪ್ಲಾಸ್ಟಿಕ್ ಕಡ್ಡಿ. ದಾರವನ್ನು ಅದಕ್ಕೆ ಗಂಟು ಹಾಕಿ ಬಿಗಿದಿರುತ್ತಾರೆ. ಈ ಗಂಟೇ ಆಟವನ್ನು ಮುಗಿಸಿಬಿಡುತ್ತದೆ. ಗಂಟು ಹಾಕಿದ ಯೋಯೋ ಕೆಳಗಿಳಿಯುತ್ತದೆ, ಮೇಲೇರುತ್ತದೆ. ಮತ್ತೆ ಇಳಿಯುತ್ತದೆ, ಏರುತ್ತದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಅದರಲ್ಲಿ ಕಲಿಯುವುದು ಏನೂ ಉಳಿದಿರುವುದಿಲ್ಲ. ಯೋಯೋ ಇಂದಿನ ಆಟವಾಗಿ ಬೆಳೆದದ್ದು ದಾರವನ್ನು ಗಂಟು ಹಾಕದೆ, ಇರುಸಿನ ಸುತ್ತ ಸಡಿಲ ಕುಣಿಕೆಯಾಗಿ ಬಿಟ್ಟ ಮೇಲೆ. ಆಗ ಯೋಯೋ ದಾರದ ತುದಿಗೆ ಬಂದು, ಮೇಲೇರದೆ, ಅಲ್ಲೇ ನಿಂತು ತಿರುಗುತ್ತದೆ. ಆಟಗಾರರು ಇದನ್ನು ‘ಸ್ಲೀಪ್’ ಎನ್ನುತ್ತಾರೆ. ‘ಯೋಯೋ’ ಎಂಬ ಹೆಸರೂ ಈ ಕುಣಿಕೆಯೂ ಫಿಲಿಪ್ಪೀನ್ಸ್‌ನಿಂದ ಬಂದವು. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದ ಪೆಡ್ರೊ ಫ್ಲೋರೆಸ್ 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯೋಯೋ ತಯಾರಿಕೆ ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಅವರ ವ್ಯವಹಾರವನ್ನು ಡೊನಾಲ್ಡ್ ಡಂಕನ್ ಕೊಂಡುಕೊಂಡರು. ಬಿಲ್ಲೆಗಳು ಪ್ರಾಚೀನ ಗ್ರೀಸಿನಲ್ಲೂ ಇದ್ದವು; ಕ್ರಿಸ್ತಪೂರ್ವ ಐದನೆಯ ಶತಮಾನದ ಒಂದು ಪಾನಪಾತ್ರೆಯ ಮೇಲೆ ಯೋಯೋ ಆಡುವ ಹುಡುಗನ ಚಿತ್ರವಿದೆ. ಸಾವಿರಾರು ವರ್ಷದ ಆ ಬಿಲ್ಲೆಗೆ ಹೊಸ ಜೀವ ಕೊಟ್ಟದ್ದು ನಡುವಿನ ಒಂದು ಕುಣಿಕೆ.

ಕುಣಿಕೆಯೊಂದೇ ಸರಿಯಾಗಿದ್ದರೂ ಎಷ್ಟು ಸಾಧ್ಯ ಎಂಬುದಕ್ಕೆ ಡಂಕನ್ ಕಂಪನಿಯ ಇಂಪೀರಿಯಲ್ ಒಳ್ಳೆಯ ನಿದರ್ಶನ. ಕೆಲವೇ ಡಾಲರ್ ಬೆಲೆಯ ಸರಳ ಪ್ಲಾಸ್ಟಿಕ್ ಯೋಯೋ ಅದು. ಇರುಸು ಬಿಲ್ಲೆಗಳ ಜೊತೆಗೇ ತಿರುಗುತ್ತದೆ, ಅದರ ಮೇಲೆ ದಾರದ ಕುಣಿಕೆ ಜಾರುತ್ತದೆ. 1985ರ ಏಪ್ರಿಲ್‌ನಲ್ಲಿ ಡಿಸ್ಕವರಿ ಬಾಹ್ಯಾಕಾಶ ನೌಕೆಯಲ್ಲಿ ಆಟಿಕೆಗಳ ಪ್ರಯೋಗ ನಡೆದಾಗ ಕಕ್ಷೆಗೆ ಹೋದದ್ದು ಹಳದಿ ಬಣ್ಣದ ಇಂಥ ಒಂದು ಇಂಪೀರಿಯಲ್. ಅಲ್ಲಿ ಅದು ಇಳಿಯಿತು, ಏರಿತು, ಆದರೆ ತುದಿಯಲ್ಲಿ ನಿಂತು ತಿರುಗಲೊಲ್ಲದೆ ಹೋಯಿತು. ದಾರವನ್ನು ಬಿಗಿಯಾಗಿ ಎಳೆದು ಹಿಡಿಯುವ ಭಾರ ಅಲ್ಲಿ ಇರಲಿಲ್ಲವಾದ್ದರಿಂದ ತುದಿ ಮುಟ್ಟಿದೊಡನೆ ಮರಳಿಬಿಡುತ್ತಿತ್ತು. ಇಲ್ಲಿ ನೆಲದ ಮೇಲೆ ಅದೇ ಯೋಯೋ ಒಳ್ಳೆಯ ಎಸೆತಕ್ಕೆ ಹತ್ತಾರು ಸೆಕೆಂಡು ನಿಂತು ತಿರುಗುತ್ತದೆ. ನಾಯಿಮರಿಯಂತೆ ನೆಲದ ಮೇಲೆ ಓಡುತ್ತದೆ, ತೊಟ್ಟಿಲಿನಂತೆ ತೂಗುತ್ತದೆ. ಜಾತ್ರೆಯ ಯೋಯೋಗೂ ಇದಕ್ಕೂ ನಡುವಿನ ವ್ಯತ್ಯಾಸ ಪ್ಲಾಸ್ಟಿಕ್ಕಿನದಲ್ಲ. ಬಿಲ್ಲೆಗಳು ಸಮತೂಕದವು, ಇರುಸು ನೇರ, ದಾರ ಸಡಿಲ. ಅಷ್ಟಕ್ಕೇ ಕೊಡುವ ಹೆಚ್ಚಿನ ಹಣ ಪೈಸೆ ಪೈಸೆಗೂ ಸಾರ್ಥಕ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಮುಂದಿನ ಮೆಟ್ಟಿಲು ಬೇರಿಂಗ್. ಬೇರಿಂಗ್‌ಗಳಿಗೇ ಹೆಸರಾದ ಸ್ವೀಡನ್ನಿನ ಎಸ್‌ಕೆಎಫ್ ಕಂಪನಿ 1984ರಲ್ಲಿ ಬಾಲ್ ಬೇರಿಂಗ್ ಇಟ್ಟ ಯೋಯೋ ಹೊರತಂದಿತು. 1990ರಲ್ಲಿ ಅಮೆರಿಕದ ದಂತವೈದ್ಯ ಟಾಮ್ ಕೂನ್ ಅಲ್ಯುಮಿನಿಯಂನಲ್ಲಿ ಅಂಥದೇ ಒಂದನ್ನು ಮಾಡಿದರು. ಇಂದು ಹೆಚ್ಚಿನ ಯೋಯೋಗಳಲ್ಲಿ ಇರುವುದು ‘ಸಿ’ ಗಾತ್ರ ಎಂದು ಕರೆಯುವ ಬೇರಿಂಗ್. ಹೊರವ್ಯಾಸ 12.7 ಮಿಲಿಮೀಟರ್, ಅಂದರೆ ಸರಿಯಾಗಿ ಅರ್ಧ ಅಂಗುಲ. ಒಳರಂಧ್ರ 6.35, ಅಗಲ 4.76 ಮಿಲಿಮೀಟರ್. ಅಂಗೈಯಲ್ಲಿಟ್ಟರೆ ಅಂಗಿಯ ಗುಂಡಿಯಷ್ಟು. ಒಳಬಳೆ, ಹೊರಬಳೆ, ನಡುವೆ ಸಾಸಿವೆಗಿಂತ ತುಸು ದಪ್ಪನೆಯ ಉಕ್ಕಿನ ಗುಂಡುಗಳು. ಬೆರಳಿನ ಮೊನೆಯಿಂದ ಹೊರಬಳೆಯನ್ನು ತಳ್ಳಿ ಬಿಟ್ಟರೆ ಒಳ್ಳೆಯ ಬೇರಿಂಗ್ ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ. ಗಟ್ಟಿ ಎಣ್ಣೆ ತುಂಬಿದ್ದರೆ ಕೂಡಲೇ ನಿಲ್ಲುತ್ತದೆ. ಗಾಡಿಯ ಇರುಸಿಗೆ ಕೀಲೆಣ್ಣೆ ಎಷ್ಟು ಹಾಕಬೇಕು ಎಂಬುದು ಹೇಗೆ ಒಂದು ಹದವೋ ಇಲ್ಲಿಯೂ ಹಾಗೆಯೇ: ತೆಳ್ಳನೆಯ ಎಣ್ಣೆ ಅರ್ಧ ಹನಿ ಹೆಚ್ಚಾದರೆ ಯೋಯೋ ಎಳೆದ ಕೂಡಲೇ ಕೈಗೆ ಮರಳುತ್ತದೆ, ಒಣಗಿಸಿದರೆ ತುದಿಯಲ್ಲೇ ನಿಲ್ಲುತ್ತದೆ. ಬೇರಿಂಗ್ ಬಂದಮೇಲೆ ದಾರ ಇರುಸನ್ನು ಉಜ್ಜುವುದು ತಪ್ಪಿತು. ಸೆಕೆಂಡುಗಳಲ್ಲಿ ಎಣಿಸುತ್ತಿದ್ದ ತಿರುಗಾಟ ನಿಮಿಷಗಳಿಗೆ ಹೋಯಿತು. ದಾರದ ಮೇಲೆ ಯೋಯೋವನ್ನು ಹತ್ತಿಸಿ ಇಳಿಸಿ ಹೆಣೆಯುವ ನೂರಾರು ಆಟಗಳು ಹುಟ್ಟಿದವು. ಈ ಗುಂಡಿಯಷ್ಟು ವಸ್ತು, ಅದು ಕೂರುವ ಪೀಠ, ಪೀಠದ ಎರಡು ಪಕ್ಕದಲ್ಲಿ ದಾರವನ್ನು ಕಚ್ಚಿ ಹಿಡಿಯುವ ಸಿಲಿಕೋನಿನ ತೆಳು ಬಳೆಗಳು, ಇಷ್ಟೂ ಸರಿಯಿದ್ದರೆ ಸುತ್ತಲಿನ ಬಿಲ್ಲೆ ಯಾವುದರದೇ ಆಗಿರಲಿ ಆಟ ನಡೆಯುತ್ತದೆ. ಇವು ಸರಿಯಿಲ್ಲದಿದ್ದರೆ ಬಿಲ್ಲೆ ಬೆಳ್ಳಿಯದಾದರೂ ನಡೆಯದು.

ಇದಕ್ಕೆ ಪುರಾವೆ ಒಂದೇ ಆಟಗಾರನ ಹೆಸರಿನಲ್ಲಿರುವ ಎರಡು ಯೋಯೋಗಳಲ್ಲಿ ಸಿಗುತ್ತದೆ. 2014ರಲ್ಲಿ ವಿಶ್ವ ಸ್ಪರ್ಧೆಯ ಒಂಟಿ ಯೋಯೋ ವಿಭಾಗ ಗೆದ್ದ ಅಮೆರಿಕದ ಜೆಂಟ್ರಿ ಸ್ಟೈನ್ ಹೆಸರಿನಲ್ಲಿ ಯೋಯೋಫ್ಯಾಕ್ಟರಿ ಕಂಪನಿ ಅಲ್ಯುಮಿನಿಯಂನಲ್ಲಿ ‘ಶಟರ್’ ಎಂಬುದನ್ನೂ ಪ್ಲಾಸ್ಟಿಕ್ಕಿನಲ್ಲಿ ‘ರೀಪ್ಲೇ ಪ್ರೊ’ ಎಂಬುದನ್ನೂ ಮಾರುತ್ತದೆ. ಎರಡರಲ್ಲೂ ಇರುವುದು ಅದೇ ಸಿ ಗಾತ್ರದ ಬೇರಿಂಗ್. ಪ್ಲಾಸ್ಟಿಕ್ಕಿನದರ ಬೆಲೆ ಹೆಚ್ಚೂಕಡಿಮೆ ಅರ್ಧ. ಒಂದು ವರ್ಷದಲ್ಲಿ ಕಲಿಯುವವನೊಬ್ಬ ಕಲಿಯಬಹುದಾದ ಯಾವ ಆಟವೂ ರೀಪ್ಲೇ ಪ್ರೊದಲ್ಲಿ ಅಸಾಧ್ಯ ಎನಿಸುವುದಿಲ್ಲ. ಅಲ್ಯುಮಿನಿಯಂನದು ಇನ್ನೂ ತುಸು ಹೊತ್ತು ತಿರುಗುತ್ತದೆ, ಎಸೆತ ಓರೆಯಾದರೂ ಬೇಗ ವಾಲುವುದಿಲ್ಲ, ಕೈಗೆ ಸಿಗುವ ನಯವೇ ಬೇರೆ. ಆ ಅನುಕೂಲಕ್ಕೆ ಇಮ್ಮಡಿ ಕೊಡುವವರು ಕೊಡಲಿ. ಆದರೆ ಆಟವೇ ಇಮ್ಮಡಿಯಾಗುತ್ತದೆ ಎಂದು ನಂಬಿ ಕೊಡುವುದು ಬೇಡ.

ಲೋಹ ಹೆಚ್ಚು ಹೊತ್ತು ತಿರುಗುವುದಕ್ಕೆ ಕಾರಣ ಸರಳ ಗಣಿತ. 56 ಮಿಲಿಮೀಟರ್ ವ್ಯಾಸ, 44 ಮಿಲಿಮೀಟರ್ ಅಗಲದ ಯೋಯೋ ಒಂದನ್ನು ದುಂಡು ಡಬ್ಬಿಯಲ್ಲಿ ಸರಿಯಾಗಿ ಕೂರಿಸಿದರೆ ಆ ಡಬ್ಬಿಯ ಗಾತ್ರ ಸುಮಾರು 108 ಘನ ಸೆಂಟಿಮೀಟರ್ ಆಗುತ್ತದೆ. ಯೋಯೋದ ತೂಕ 65 ಗ್ರಾಂ ಇರಬೇಕು ಎಂದುಕೊಳ್ಳಿ. ಅಲ್ಯುಮಿನಿಯಂನ ಸಾಂದ್ರತೆ 2.7, ಅಷ್ಟು ತೂಕಕ್ಕೆ 24 ಘನ ಸೆಂಟಿಮೀಟರ್ ಲೋಹ ಸಾಕು. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಸಾಂದ್ರತೆ ಸುಮಾರು 1.2, ಅದಾದರೆ 54 ಬೇಕು. ಅಂದರೆ ಲೋಹದ ಯೋಯೋ ಡಬ್ಬಿಯ ಕಾಲುಭಾಗವನ್ನೂ ತುಂಬುವುದಿಲ್ಲ. ಇರುವುದನ್ನೆಲ್ಲ ಹೊರಅಂಚಿಗೆ ಸಾಗಿಸಿ ನಡುವನ್ನು ತೆಳ್ಳಗೆ ಕೆತ್ತಬಹುದು. ಪ್ಲಾಸ್ಟಿಕ್ ಅರ್ಧ ಡಬ್ಬಿ ತುಂಬಿಕೊಳ್ಳುವುದರಿಂದ ಸಾಕಷ್ಟು ತೂಕ ಒಳಗೇ ಉಳಿಯುತ್ತದೆ. ಒಂದೇ ತೂಕ, ಒಂದೇ ವ್ಯಾಸದ ತಟ್ಟೆಯನ್ನೂ ಬಳೆಯನ್ನೂ ತಿರುಗಿಸಿದರೆ ಬಳೆಯ ಜಡತ್ವದ ಮಹತ್ತ್ವ, ಅಂದರೆ ತಿರುಗಾಟವನ್ನು ಉಳಿಸಿಕೊಳ್ಳುವ ಗುಣ, ತಟ್ಟೆಯದರ ಎರಡರಷ್ಟು. ಲೋಹದ್ದು ಬಳೆಯ ಕಡೆಗೆ, ಪ್ಲಾಸ್ಟಿಕ್ಕಿನದು ತಟ್ಟೆಯ ಕಡೆಗೆ ವಾಲಿದೆ. ಯೋಯೋಜ್ಯಾಮ್‌ನಂಥ ಕಂಪನಿಗಳು ಇದಕ್ಕೆ ಹುಡುಕಿದ ಉಪಾಯ ಪ್ಲಾಸ್ಟಿಕ್ ಬಿಲ್ಲೆಯ ಅಂಚಿಗೆ ಲೋಹದ ಬಳೆ ತೊಡಿಸುವುದು. ಉಪಾಯ ಚೆನ್ನಾಗಿಯೇ ಫಲಿಸಿತು, ಬೆಲೆಯೂ ಏರಿತು.

ಇಷ್ಟು ಕೇಳಿದ ಮೇಲೆ ಪ್ಲಾಸ್ಟಿಕ್ ಎಂದರೆ ಬಡವರ ಅಲ್ಯುಮಿನಿಯಂ ಎಂದು ಯಾರಾದರೂ ತೀರ್ಮಾನಿಸಬಹುದು. ಇಲ್ಲಿಯೇ ನಾವು ಸ್ಪರ್ಧೆಯ ಅಂಗಳದತ್ತ ನೋಡಬೇಕು. ಯೋಯೋ ಸ್ಪರ್ಧೆಗಳಲ್ಲಿ ಐದು ಮುಖ್ಯ ವಿಭಾಗಗಳಿವೆ. ಎರಡನೆಯ ವಿಭಾಗದಲ್ಲಿ ಆಟಗಾರ ಎರಡೂ ಕೈಯಲ್ಲಿ ಒಂದೊಂದು ಯೋಯೋ ಹಿಡಿದು, ಅವನ್ನು ಕೈಗೆ ತೆಗೆದುಕೊಳ್ಳದೆ, ಮುಂದಕ್ಕೆ ಮುಂದಕ್ಕೆ ಸುತ್ತು ಹೊಡೆಸುತ್ತಾನೆ. ಪ್ರತಿ ಸುತ್ತಿನಲ್ಲೂ ಯೋಯೋ ಕೈಯ ಪಕ್ಕದಲ್ಲೇ ತಿರುವಿಕೊಂಡು ಮತ್ತೆ ಹೊರಡಬೇಕು. ಅಂಚಿನಲ್ಲಿ ತೂಕ ತುಂಬಿದ ಯೋಯೋ ಹೀಗೆ ತಿರುವಿಕೊಳ್ಳಲು ಒಪ್ಪುವುದಿಲ್ಲ. ಇರುವ ದಿಕ್ಕಿನಲ್ಲೇ ನಿಲ್ಲುವುದು ಅದರ ಗುಣ. ಹಗುರವಾದ, ತೂಕ ಒಳಗಡೆಗೆ ಸೇರಿದ, ದುಂಡು ಹೆಗಲಿನ ಪ್ಲಾಸ್ಟಿಕ್ ಯೋಯೋ ಮಾತ್ರ ಇದಕ್ಕೆ ಒಗ್ಗುತ್ತದೆ. ಈ ವಿಭಾಗದಲ್ಲಿ ಹಲವು ಬಾರಿ ವಿಶ್ವ ಚಾಂಪಿಯನ್ ಆದ ಜಪಾನಿನ ಶಿಂಜಿ ಸೈಟೊ ಆಡಿದ್ದು ಪ್ಲಾಸ್ಟಿಕ್ ಯೋಯೋಗಳಲ್ಲಿ. ನಾಲ್ಕನೆಯ ವಿಭಾಗದಲ್ಲಿ ಯೋಯೋ ದಾರಕ್ಕೆ ಅಂಟಿಕೊಂಡೇ ಇರುವುದಿಲ್ಲ. ಗಾಳಿಗೆ ಚಿಮ್ಮಿ ಬೀಳುವಾಗ ದಾರದ ಮೇಲೆ ಹಿಡಿಯಬೇಕು. ಅದಕ್ಕೆ ಬೇಕಾದ ಅಗಲವಾದ, ಹಗುರವಾದ ಯೋಯೋವನ್ನು ಲೋಹದಲ್ಲಿ ಮಾಡಿದರೆ ಭಾರ ವಿಪರೀತವಾಗುತ್ತದೆ, ಕೈತಪ್ಪಿ ಬಿದ್ದಾಗ ನೆಲಕ್ಕೂ ಕಾಲಿಗೂ ಅಪಾಯ. ಹೀಗೆ ಒಂದು ಕಡೆ ಕೊರತೆ ಎನ್ನಿಸಿಕೊಂಡ ಪ್ಲಾಸ್ಟಿಕ್ಕಿನ ಹಗುರ ಇನ್ನೊಂದು ಕಡೆ ಅದರ ಬಂಡವಾಳ. ಜಗತ್ತಿನ ಅತಿ ನುರಿತ ಕೈಗಳು ಬೇಕೆಂದೇ ಆರಿಸಿಕೊಳ್ಳುವ ವಸ್ತುವನ್ನು ಅಗ್ಗದ ನಕಲು ಎಂದು ಕರೆಯುವುದು ಅನ್ಯಾಯ.

ಹಾಗಾದರೆ ಕೆಲವು ಪ್ಲಾಸ್ಟಿಕ್ ಯೋಯೋಗಳಿಗೆ ಲೋಹದಷ್ಟೇ ಬೆಲೆ ಏಕೆ? ಅಲ್ಯುಮಿನಿಯಂ ಯೋಯೋವನ್ನು ಕಂಪ್ಯೂಟರ್ ನಡೆಸುವ ಲೇತಿನಲ್ಲಿ ಒಂದೊಂದಾಗಿ ಕಡೆಯುತ್ತಾರೆ. ಹತ್ತು ಮಾಡಿದರೂ ಸಾವಿರ ಮಾಡಿದರೂ ಒಂದಕ್ಕೆ ತಗಲುವ ಖರ್ಚು ಹೆಚ್ಚು ಇಳಿಯದು. ಪ್ಲಾಸ್ಟಿಕ್ಕಿನದಕ್ಕೆ ಮೊದಲು ಉಕ್ಕಿನ ಅಚ್ಚು ಬೇಕು, ಆ ಅಚ್ಚಿಗೇ ದೊಡ್ಡ ಹಣ. ಅಚ್ಚಿಗೆ ಐದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಲಕ್ಷ ಯೋಯೋ ಎರಕ ಹೊಯ್ದರೆ ಒಂದರ ಮೇಲೆ ಬೀಳುವ ಭಾರ ಐದೇ ರೂಪಾಯಿ. ಒಂದು ಸಾವಿರ ಮಾತ್ರ ಮಾಡಿದರೆ ಐನೂರು. ಚಿಕ್ಕ ತಯಾರಕನ ಪ್ಲಾಸ್ಟಿಕ್ ಯೋಯೋ ತುಟ್ಟಿಯಾಗಿರುವುದು ಮೋಸವಲ್ಲ, ಭಾಗಾಕಾರ. ಎರಕದಲ್ಲಿ ಇನ್ನೊಂದು ತೊಡಕೂ ಇದೆ. ದಪ್ಪನೆಯ ಪ್ಲಾಸ್ಟಿಕ್ ಆರುವಾಗ ಒಳಗಡೆ ಕುಗ್ಗಿ ಮೇಲ್ಮೈ ಗುಳಿ ಬೀಳುತ್ತದೆ. ಗುಳಿ ಬಿದ್ದ ಬಿಲ್ಲೆ ಸಮತೂಕ ಕಳೆದುಕೊಂಡು ದಾರದ ಮೇಲೆ ನಡುಗುತ್ತದೆ. ಇದನ್ನು ತಪ್ಪಿಸಲು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸರಳನ್ನೇ ತಂದು ಲೋಹದಂತೆ ಲೇತಿನಲ್ಲಿ ಕಡೆಯುವವರಿದ್ದಾರೆ. ಅದರ ನಯ, ಮೌನ, ದಾರ ಜಾರುವ ಸೊಗಸು ನಿಜಕ್ಕೂ ಮೆಚ್ಚುವಂಥದ್ದು. ಆದರೆ ಬೆಲೆ ಅಲ್ಯುಮಿನಿಯಂಗೆ ಸಮ, ಕೆಲವೊಮ್ಮೆ ಹೆಚ್ಚು. ವರ್ಷಗಟ್ಟಲೆ ಆಡಿ, ತನಗೆ ಬೇಕಾದ್ದು ಇದೇ ಎಂದು ಬಲ್ಲವನಿಗೆ ಅದು ಸರಿ. ಹೊಸಬರಿಗೆ ಅದನ್ನು ಕೊಡಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕೊಡುವ ಹೆಚ್ಚಿನ ಹಣ ನಡುವಿನ ಅರ್ಧ ಅಂಗುಲಕ್ಕೆ ಹೋಗುವುದಿಲ್ಲ, ಬಿಲ್ಲೆಗೆ ಹೋಗುತ್ತದೆ.

ಈ ವಾದಕ್ಕೆ ಬಲವಾದ ಆಕ್ಷೇಪ ಒಂದಿದೆ. ಚೀನಾದ ಮ್ಯಾಜಿಕ್‌ಯೋಯೋದಂಥ ಕಂಪನಿಗಳು ಬೇರಿಂಗ್ ಇರುವ ಅಲ್ಯುಮಿನಿಯಂ ಯೋಯೋಗಳನ್ನು ಒಳ್ಳೆಯ ಪ್ಲಾಸ್ಟಿಕ್ಕಿನ ಬೆಲೆಗೇ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೇ ಕೊಡುತ್ತಿವೆ. ಅದೇ ಹಣಕ್ಕೆ ಲೋಹ ಸಿಗುವಾಗ ಪ್ಲಾಸ್ಟಿಕ್ ಏಕೆ? ದಾರದ ಆಟಗಳಲ್ಲಿ ಈಗಾಗಲೇ ಪಳಗಿದವನಿಗೆ ಈ ಆಕ್ಷೇಪ ಸರಿಯಾದದ್ದೇ. ಅವನು ಲೋಹವನ್ನೇ ಕೊಳ್ಳಲಿ. ಕಲಿಯುವವನ ಪರಿಸ್ಥಿತಿ ಬೇರೆ. ಅಂಥ ಲೋಹದ ಯೋಯೋಗಳಲ್ಲಿ ಹೆಚ್ಚಿನವು ದಾರ ಎಳೆದರೆ ಮೇಲೆ ಬರುವುದಿಲ್ಲ. ದಾರವನ್ನು ಮಡಿಸಿ ಸಂದಿಗೆ ತುರುಕಿ ಕಚ್ಚಿಸುವ ‘ಬೈಂಡ್’ ಎಂಬ ಕೈಚಳಕ ಬಂದರಷ್ಟೇ ಅದು ಅಂಗೈ ಸೇರುತ್ತದೆ. ಎಸೆದದ್ದು ಮರಳಿ ಬಾರದಿದ್ದರೆ ಎಂಟು ವರ್ಷದ ಮಗು ತನಗೆ ಬರುವುದಿಲ್ಲ ಎಂದುಕೊಳ್ಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಈ ತೊಂದರೆಗೆ ಪರಿಹಾರ ಮಾಡಿಟ್ಟಿದ್ದಾರೆ. ಯೋಯೋಫ್ಯಾಕ್ಟರಿಯ ‘ವನ್’ ಎಂಬ ಯೋಯೋ ಜೊತೆಗೆ ಎರಡು ಬೇರಿಂಗ್ ಬರುತ್ತವೆ: ಎಳೆದರೆ ಮರಳುವುದಕ್ಕೆ ಕಿರಿದಾದದ್ದು, ಮುಂದೆ ದಾರದ ಆಟಗಳಿಗೆ ಅಗಲದ್ದು. 1980ರ ದಶಕದಿಂದಲೂ ಇರುವ ಯೋಮೆಗಾ ಕಂಪನಿಯ ‘ಬ್ರೇನ್’ ಒಳಗೆ ಸ್ಪ್ರಿಂಗಿನ ಪುಟ್ಟ ಕ್ಲಚ್ಚು ಕೂತಿದೆ. ವೇಗ ಇರುವವರೆಗೆ ಅದರ ತೋಳುಗಳು ಹೊರಕ್ಕೆ ಚಾಚಿ ಇರುಸನ್ನು ಬಿಟ್ಟಿರುತ್ತವೆ, ವೇಗ ತಗ್ಗಿದಾಗ ಹಿಡಿದುಕೊಳ್ಳುತ್ತವೆ, ಯೋಯೋ ತಾನಾಗಿಯೇ ಮೇಲೇರುತ್ತದೆ. ಇನ್ನೊಂದು ಮಾತು, ನಮ್ಮ ಮನೆಗಳ ನೆಲ ಟೈಲ್ಸು, ಗ್ರಾನೈಟು, ಮೊಸಾಯಿಕ್ಕು. ಲೋಹದ ಅಂಚು ಒಮ್ಮೆ ತಗುಲಿದರೆ ಮುಳ್ಳು ಏಳುತ್ತದೆ. ಆ ಮುಳ್ಳು ದಾರವನ್ನು ಕತ್ತರಿಸುತ್ತದೆ, ಬೆರಳನ್ನು ಗೀರುತ್ತದೆ. ಪ್ಲಾಸ್ಟಿಕ್ಕಿಗೆ ಒಂದು ಗೆರೆ ಬೀಳುತ್ತದೆ, ಆಟ ಮುಂದುವರಿಯುತ್ತದೆ. ಕಲಿಕೆಯೆಂದರೆ ನೂರು ಸಲ ಬೀಳಿಸುವುದೇ ಆದ್ದರಿಂದ ಇದು ಸಣ್ಣ ಲಾಭವಲ್ಲ.

ಬೆಲೆಯ ಮಾತು ನಮ್ಮ ದೇಶಕ್ಕೆ ಬಂದಾಗ ಲೆಕ್ಕ ಸ್ವಲ್ಪ ಕದಲುತ್ತದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಮಕ್ಕಳ ಬಾಯಿಗೆ ಹೋಗುವ ಬಣ್ಣ, ಮುರಿದರೆ ಚುಚ್ಚುವ ಚೂರು ಇವನ್ನು ನೆನೆದರೆ ಗುರುತಿನ ಕಡ್ಡಾಯವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಸಾಗಣೆಯ ಖರ್ಚು ಐದು ಡಾಲರಿನ ಯೋಯೋಗೂ ಐವತ್ತು ಡಾಲರಿನದಕ್ಕೂ ಹೆಚ್ಚೂಕಡಿಮೆ ಒಂದೇ. ಹಾಗಾಗಿ ಹೊರದೇಶದಲ್ಲಿ ಅಗ್ಗವಾಗಿದ್ದ ಪ್ಲಾಸ್ಟಿಕ್ ಇಲ್ಲಿಗೆ ಬರುವಷ್ಟರಲ್ಲಿ ಅಗ್ಗದ ಹೆಸರು ಕಳೆದುಕೊಂಡಿರುತ್ತದೆ. ಚನ್ನಪಟ್ಟಣದ ಮರದ ಯೋಯೋ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರ ಮಾತಿನಲ್ಲಿ ತಿರುಳಿದೆ. ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಆ ಬಿಲ್ಲೆಗಳು ದುಂಡಿನಲ್ಲಿ ಎಷ್ಟೋ ಪ್ಲಾಸ್ಟಿಕ್ಕನ್ನು ನಾಚಿಸುತ್ತವೆ. ದಾರವನ್ನು ಗಂಟು ಬಿಡಿಸಿ ಕುಣಿಕೆಯಾಗಿ ಕಟ್ಟಿಕೊಟ್ಟರೆ ಜಾತ್ರೆಯ ಯೋಯೋಗಿಂತ ಅದೇ ಮೇಲು. ಬೇರಿಂಗ್ ಬಂದ ಮೇಲೆ ಹುಟ್ಟಿದ ಆಟಗಳಿಗೆ ಮಾತ್ರ ಅದು ಸಾಲದು. ಲೇತಿನಲ್ಲಿ ಅಷ್ಟು ಪಳಗಿದ ಕೈಗಳಿಗೆ ಸಿ ಗಾತ್ರದ ಬೇರಿಂಗ್‌ಗೆ ಪೀಠ ಕಡೆಯುವುದು ದೊಡ್ಡ ಮಾತಲ್ಲ. ಯಾರಾದರೂ ಅವರ ಮುಂದೆ ಆ ಅಳತೆ ಇಡಬೇಕು ಎಂಬುದು ನನ್ನ ಆಸೆ.

ಕೊನೆಗೆ, ‘ಮಗುವಿಗೆ ಇದರ ಹುಚ್ಚು ನಾಲ್ಕು ದಿನ, ಆಮೇಲೆ ಮೂಲೆ ಸೇರುತ್ತದೆ’ ಎನ್ನುವ ತಂದೆತಾಯಿಯರಿಗೆ ಒಂದು ಮಾತು. ಮೂಲೆ ಸೇರುವುದು ಹೆಚ್ಚಾಗಿ ಗಂಟು ಹಾಕಿದ ಯೋಯೋ, ಏಕೆಂದರೆ ನಾಲ್ಕು ದಿನಕ್ಕೆ ಅದರಲ್ಲಿ ಕಲಿಯುವುದು ಮುಗಿದಿರುತ್ತದೆ. ಬೇರಿಂಗ್ ಇರುವ ಪ್ಲಾಸ್ಟಿಕ್ ಯೋಯೋ ಕೊಳ್ಳಲು ಅಂಗಡಿಗೆ ಹೋದಾಗ ಬಣ್ಣದ ಡಬ್ಬಿಯನ್ನು ಪಕ್ಕಕ್ಕಿಡಿ. ತಿರುಪಿ ಬಿಚ್ಚಿದರೆ ಎರಡು ಹೋಳಾಗುತ್ತದೆಯೇ ನೋಡಿ. ಬಿಚ್ಚಲಾಗದ್ದರಲ್ಲಿ ಸಿಕ್ಕಿಕೊಂಡ ದಾರವನ್ನು ಬಿಡಿಸುವುದೇ ಕಷ್ಟ. ಇರುಸಿನ ತಿರುಪು ನೇರವಾಗಿ ಪ್ಲಾಸ್ಟಿಕ್ಕಿಗೆ ಕಚ್ಚಿದೆಯೋ, ಲೋಹದ ನಟ್ಟಿಗೋ ಗಮನಿಸಿ. ಪ್ಲಾಸ್ಟಿಕ್ಕಿಗೆ ಕಚ್ಚಿದ್ದು ಹತ್ತು ಸಲ ಬಿಗಿಯುವಷ್ಟರಲ್ಲಿ ಸವೆದುಹೋಗುತ್ತದೆ. ಮತ್ತೆ ಜೋಡಿಸಿ, ಒಮ್ಮೆ ಎಸೆದು, ದಾರದ ತುದಿಯಲ್ಲಿ ತಿರುಗುತ್ತಿರುವಾಗ ಅಂಚನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿ. ಉಗುರು ಜುಮ್ಮೆಂದರೆ ಬಿಲ್ಲೆಗಳು ಒಂದಕ್ಕೊಂದು ಸರಿಯಾಗಿ ಕೂತಿಲ್ಲ. ಇನ್ನೊಂದನ್ನು ತೆಗೆಸಿ ನೋಡಿ. ಒಪ್ಪಿಗೆಯಾದರೆ ಜೊತೆಗೆ ನಾಲ್ಕೈದು ಪಾಲಿಯೆಸ್ಟರ್ ದಾರ ಕೇಳಿ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೆ ದಾರವನ್ನು ಮಗುವಿನ ಹೊಕ್ಕುಳಿನ ಎತ್ತರಕ್ಕೆ ಅಳೆದು ಕತ್ತರಿಸಿ, ತುದಿಯಲ್ಲಿ ಬೆರಳಿಗೆ ಕುಣಿಕೆ ಹಾಕಿಕೊಡಿ.